ಇಪ್ಪತ್ತೆಂಟು ಹಲ್ಲು

ದಿನಾ ಬೆಳಗ್ಗೆ ಆರೂಕಾಲಿಗೆ
ನಾನು ಸ್ವರ್ಗದಿಂದ ಇಳಿಯುತ್ತೇನೆ.
ತಮಾಷೆಯಲ್ಲ, ಬಡಾವಣೆಯ ಹೆಸರೇ ಪ್ಯಾರಡೈಸ್,
ಅಡಿಲೇಡಿನ ಒಂದು ಮಗ್ಗುಲು:
ಬಸ್ ನಿಲ್ದಾಣ, ಔಷಧದಂಗಡಿ,
ಬೇಲಿ ಸಂದಿಯಿಂದ ನನ್ನ ಕಾಲಿಗೇ ಬೊಗಳುವ ಕುಳ್ಳ ನಾಯಿ.
ಅಪ್ಸರೆಯರಿದ್ದರೂ ಈ ಹೊತ್ತಲ್ಲಿ ಮುಸುಕೆಳೆದಿರುತ್ತಾರೆ.

ಕಪ್ಪು ರೇಸ್ ಸೈಕಲ್ಲು.
ಟಗರಿನ ಕೊಂಬಿನಂತೆ ಬಾಗಿದ ಹಿಡಿ,
ಹೆಬ್ಬೆರಳಗಲದ ಟೈರು,
ಕುಂಡೆಗೆ ಕರುಣೆ ತೋರದ ಸೀಟು.
ಐವತ್ತೊಂದು ತುಂಬಿದ ಮೇಲೆ ಕೊಂಡದ್ದು.
‘ಕಾಲಿದ್ದಾಗ ಸೈಕಲ್ಲಿಲ್ಲ, ಸೈಕಲ್ಲಿದ್ದಾಗ ಕಾಲಿಲ್ಲ’
ಎಂದು ವನಮಾಲ ಗಾದೆಯನ್ನು ಮಗುಚಿ ಹಾಕಿ ನಕ್ಕಳು.
ಕಾಲಿಗೆ ಏನಾದರೂ ಅನ್ನು ಮಾರಾಯ್ತಿ,
ಆ ಗಾದೆಯ ಹಲ್ಲಿನ ತಂಟೆಗೆ ಹೋಗಬೇಡ,
ಹಲ್ಲು ನನ್ನ ಕಸುಬು.

ಹಿಂಡ್ಲಿ ಬೀದಿಯ ಮೂರನೇ ಮಹಡಿಯಲ್ಲಿ
ಗುಲಾಬಿ ಮೇಣದ ವಸಡಿನ ಮೇಲೆ
ಒಂದೊಂದೇ ಹಲ್ಲು ಕೂರಿಸುತ್ತೇನೆ,
ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು.
ಬಾಯಿ ನೋಡುವವರು ಬೇರೆ. ನನಗೆ ಬರುವುದು
ಗಾರೆಯ ಅಚ್ಚು, ಒಂದು ಚೀಟಿ:
ಮಿಸೆಸ್ ಕಟ್ಸಾರಸ್. ಬಣ್ಣ ಎ-ಮೂರು.
ಸೇಬು ಕಚ್ಚುವಂತಿರಬೇಕು.
ಸಾಲು ತೀರಾ ನೇರವಾದರೆ ಸುಳ್ಳು ಬಯಲಾಗುತ್ತದೆ,
ಅದಕ್ಕೇ ಎಡಗಡೆಯ ಎರಡನೆಯದನ್ನು
ಕೂದಲೆಳೆಯಷ್ಟು ಓರೆ ಮಾಡುತ್ತೇನೆ.
ಯಾರೂ ಹೇಳಿಕೊಟ್ಟದ್ದಲ್ಲ.
ಅದೇ ನನ್ನ ರುಜು.

ಟಾರೆನ್ಸನ್ನು ನದಿ ಎನ್ನಲು ಸಂಕೋಚ.
ಬೇಸಿಗೆಯಲ್ಲಿ ತಂಬಿಗೆ ಮುಳುಗಿದರೆ ಹೆಚ್ಚು.
ದಂಡೆಯುದ್ದಕ್ಕೂ ನೀಲಗಿರಿ ಮರ.
ನಮ್ಮ ಕಡೆ ಅವನ್ನು ಬೈಯುತ್ತಿದ್ದೆವು,
ಎಲ್ಲಿಂದಲೋ ಬಂದು ನೀರು ಕುಡಿಯುತ್ತವೆಂದು.
ಇಲ್ಲಿ ಅವು ಮನೆಯವು.
ಎಲ್ಲಿಂದಲೋ ಬಂದವನು ಪೆಡಲ್ ತುಳಿಯುತ್ತಾ,
ಸೀಸೆಯಿಂದ ನೀರು ಕುಡಿಯುತ್ತಾ,
ಅವುಗಳ ನಡುವೆ ಹಾದು ಹೋಗುತ್ತಾನೆ.

ಕ್ಲೆಮ್‌ಜಿಗ್ ದಾಟಿದ ಮೇಲೆ ಆಕೆ.
ಎಪ್ಪತ್ತರ ಆಚೆ ಈಚೆ. ಬೆನ್ನು ಕಂಬದಷ್ಟು ನೆಟ್ಟಗೆ,
ಹಳೇ ಕಬ್ಬಿಣದ ಸೈಕಲ್ಲು, ಮುಂದೊಂದು ಬುಟ್ಟಿ,
ಬುಟ್ಟಿಯಲ್ಲಿ ಟವೆಲು, ಈಜುವ ಕನ್ನಡಕ.
ಟಿಂಗ್ ಎಂದು ಒಮ್ಮೆ ಗಂಟೆ ಬಾರಿಸಿ
ನನ್ನನ್ನು ಹಿಂದೆ ಹಾಕುತ್ತಾಳೆ.
ಬ್ಯಾಟರಿ ಇರಬೇಕೆಂದು ಬಗ್ಗಿ ನೋಡಿದೆ.
ಇಲ್ಲ.
ನಾಳೆ ಬಿಡುವುದಿಲ್ಲ ಎಂದುಕೊಂಡು
ಎರಡು ವರ್ಷವಾಯಿತು.

ಸೆಪ್ಟೆಂಬರ್ ಬಂದರೆ ಫೆಲಿಕ್ಸ್‌ಸ್ಟೋ ಪಾರ್ಕಿನಲ್ಲಿ
ಮ್ಯಾಗ್‌ಪೈ ಗೂಡು ಕಾಯುತ್ತದೆ.
ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿ ಕಟ್ಟಿ
ಮುಳ್ಳುಹಂದಿಯಾಗಿ ಹೊರಟಿದ್ದೆ.
ಹಕ್ಕಿ ಓದು ಬಾರದ್ದು, ಹೆದರಲಿಲ್ಲ.
ಹಿಂದಿನಿಂದ ಬಂದು ನೆತ್ತಿಗೆ ಟಪ್ ಎಂದು ಹೊಡೆಯಿತು,
ಮತ್ತೊಮ್ಮೆ ಕಿವಿಗೆ.
ನಾನು ಕನ್ನಡದಲ್ಲಿ ಏನೋ ಕೂಗಿದೆ,
ಬರೆಯುವಂಥದ್ದಲ್ಲ.
ಮುಂದಿದ್ದವಳು ಕಾಲೂರಿ ನಿಂತು, ತಿರುಗಿ,
ಬಾಯಿ ತುಂಬ ನಕ್ಕಳು.

ಎಡಗಡೆಯ ಎರಡನೆಯದು.
ಕೂದಲೆಳೆಯಷ್ಟು.

ಕಟ್ಸಾರಸ್ಸೋ, ಇನ್ಯಾರೋ.
ಚೀಟಿ ಎಂದೋ ಕಸಕ್ಕೆ ಹೋಗಿದೆ.
ಹೇಳಿಬಿಡಲೇ? ಏನೆಂದು?
ಅಮ್ಮಾ, ನಿನ್ನ ನಗು ಮೂರು ದಿನ
ನನ್ನ ಮೇಜಿನ ಮೇಲೆ, ಚಹಾ ಲೋಟದ ಪಕ್ಕ ಇತ್ತೆಂದೆ?
‘ಮಾರ್ನಿಂಗ್’ ಎಂದೆ.
‘ರಕ್ತ ಬಂದಿಲ್ಲ ತಾನೆ?’ ಎಂದಳು,
ಬುಟ್ಟಿಯಿಂದ ಸೇಬೊಂದನ್ನು ತೆಗೆದು
ಕಟುಂ ಎಂದು ಕಚ್ಚಿ, ಅದನ್ನು ಬಾಯಲ್ಲೇ ಹಿಡಿದು
ಎರಡೂ ಕೈ ಹಿಡಿಗೆ ಕೊಟ್ಟು
ಹೊರಟೇಹೋದಳು.
ಅಂದೂ ಹಿಂದೆಯೇ ಉಳಿದೆ, ಆದರೆ ಸ್ವಲ್ಪ ಬೇಕೆಂದೇ.

ಸಂಜೆ ಬೆಟ್ಟದ ಕಣಿವೆಗಳಿಂದ ಗಾಳಿ ಇಳಿಯುತ್ತದೆ,
ಎದೆಗೆ ಕೈಯಿಟ್ಟು ತಳ್ಳುತ್ತದೆ.
ಸ್ವರ್ಗಕ್ಕೆ ಏರುವುದು ಹೀಗೇ, ಮೂಗಲ್ಲಿ ನೀರು ಸುರಿಸುತ್ತಾ.
ಕೊನೆಯ ದಿಬ್ಬದಲ್ಲಿ ಸೋತು
ಸರಪಳಿಯನ್ನು ಹಿಂದಿನ ದೊಡ್ಡ ಚಕ್ರಕ್ಕೆ ದಾಟಿಸುತ್ತೇನೆ.
ಗ್ರೀಸು ಒರೆಸುವಾಗ ಎಣಿಸಿದ್ದೇನೆ:
ಇಪ್ಪತ್ತೆಂಟು. ಒಂದೂ ಓರೆಯಿಲ್ಲ.
ಓರೆಯಾದರೆ ಸರಪಳಿ ನಿಲ್ಲುವುದಿಲ್ಲ,
ಅದರ ನ್ಯಾಯವೇ ಬೇರೆ.

ಬಾಗಿಲಲ್ಲಿ ಕುಳ್ಳ ನಾಯಿ.
ಜೊತೆಗೆ ಬರುವ ಪೈಕಿಯದಲ್ಲ ಅದು,
ಮೊದಲೇ ಒಳಗಿದ್ದು
ಬಂದವನನ್ನು ಬೊಗಳುತ್ತದೆ.